ಸುಣ್ಣದ ಬೊಟ್ಟು, ದೊಡ್ಡಪ್ಪನ ಕುದಿನೀರು

ಈ ಬೆಳಿಗ್ಗೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ನನ್ನ ಹಳೆಯ ಹಸಿರು ಟ್ರಂಕನ್ನು ಒರೆಸುತ್ತಿದ್ದೆ. ಸದಾಶಿವನಗರದ ಈ ಬಾಡಿಗೆ ಕೋಣೆಯಲ್ಲಿ ಬಂದವರಿಗೆ ಕೂರಲು ಇರುವುದು ಅದೊಂದೇ. ಕುಣಿಗಲ್‌ಗೆ ಮದುವೆಯಾಗಿ ಹೋದ ಸರಸು, ನನ್ನ ದೊಡ್ಡಪ್ಪನ ಮಗಳು, ಮಧ್ಯಾಹ್ನ ಬರುವವಳಿದ್ದಳು. ಸೀಮೆಎಣ್ಣೆ ವಾಸನೆ ಮೂಗಿಗೆ ಹತ್ತಿದ್ದೇ ತಡ, ತಿಗಣೆಗಳು ನೆನಪಾದವು. ನಿಮಗೂ ಆಗಿರಬಹುದು, ತಿಗಣೆ ಕಚ್ಚಿಸಿಕೊಳ್ಳದೆ ಬಿ.ಎಸ್ಸಿ. ಪಾಸಾದವರನ್ನು ನಾನಂತೂ ಕಂಡಿಲ್ಲ.

ಆಗ ಗುಬ್ಬಿಯ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ತುಮಕೂರಿನ ಕಾಲೇಜಿಗೆ ರೈಲಿನಲ್ಲಿ ಓಡಾಡುತ್ತಿದ್ದೆ. ಎಲ್ಲವನ್ನೂ ಎಣಿಸಿ ಡೈರಿಗೆ ಇಳಿಸುವ ಚಟ ಆಗಲೇ ಇತ್ತು. ರೈಲು ಎಷ್ಟು ನಿಮಿಷ ತಡ, ಎಷ್ಟು ಇಡ್ಲಿ ತಿಂದೆ, ಎಷ್ಟು ತಿಗಣೆ ಸಿಕ್ಕವು. ಇಡ್ಲಿಯ ಲೆಕ್ಕ ನೋಡಿದ ಮೇಲೆ ದೊಡ್ಡಮ್ಮ ಒಂದು ವಾರ ಬರೀ ಉಪ್ಪಿಟ್ಟು ಮಾಡಿದರು.

ಬೇಸಿಗೆಯ ಒಂದು ಭಾನುವಾರ ತಿಗಣೆ ಸಂಹಾರಕ್ಕೆ ಹೊರಟೆವು. ದೊಡ್ಡಪ್ಪನ ಕಣ್ಣು ಮಂಜು, ತಿಗಣೆ ಕಾಣದು. ನಾನು ಮಂಚದ ಸಂದುಗಳಲ್ಲಿ ಹುಡುಕಿ, ಎಲೆಅಡಿಕೆ ಡಬ್ಬಿಯ ಸುಣ್ಣದಿಂದ ಬೊಟ್ಟಿಡಬೇಕು. ಅವರು ಹಿಂದೆಯೇ ಕೆಟಲ್ ಹಿಡಿದು ಬಂದು ಬೊಟ್ಟಿನ ಮೇಲೆ ಕುದಿನೀರು ಸುರಿಯಬೇಕು.

"ನೀನು ಬೊಟ್ಟಿಡ್ತಾ ಹೋಗ್ಲಾ. ಬಿಳೀದು ಕಂಡ್ರೆ ನಾನು ಬುಡಲ್ಲ."

ಮಾರನೇ ದಿನ ನನ್ನ ಸೆಮಿನಾರ್ ಇತ್ತು. ವಿಷಯ: ಪ್ರತಿಕಾಯಗಳಿಗೆ, ಅಂದರೆ ಆಂಟಿಬಾಡಿಗಳಿಗೆ, ಬಿಳಿ ರಕ್ತಕಣಗಳ ನೆರವು. ಹಿಂದಿನ ಸಲ ಬಾಯಿ ಕಟ್ಟಿ ವೇದಿಕೆ ಇಳಿದಿದ್ದೆ. ಈ ಸಲವೂ ಇಳಿದರೆ ಮತ್ತೆ ಹತ್ತಿಸುವುದಿಲ್ಲ ಎಂದಿದ್ದರು ಮೇಷ್ಟ್ರು. ಅದಕ್ಕೆ ಬರೆದಿಟ್ಟದ್ದೆಲ್ಲ ಡೈರಿಯ ಜೊತೆ ಟ್ರಂಕಿನಲ್ಲಿತ್ತು. ಆ ಟ್ರಂಕಿಗೋ, ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ.

"ದೊಡ್ಡಪ್ಪಾ! ಅದು ನನ್ನ ಟ್ರಂಕು!"

"ಟ್ರಂಕೋ ಮಂಚಾನೋ, ಬಿಳೀದಿತ್ತು. ಸುರ್ದೆ."

ಬಾಗಿಲಲ್ಲಿ ನಿಂತು ಸರಸು ಬಿದ್ದುಬಿದ್ದು ನಗುತ್ತಿದ್ದಳು. ನನಗೆ ಅಷ್ಟೇ ಸಾಕ್ಷಿ ಸಾಕಾಯಿತು. "ಇವಳೇ ಸುಣ್ಣ ಹಚ್ಚಿದ್ದು!"

"ನಾನಲ್ಲ ಕಣೋ ಅಣ್ಣಾ, ದೇವ್ರಾಣೆ!"

ದೊಡ್ಡಪ್ಪ ವಿಚಾರಣೆಗೆ ಕಾಯುವವರಲ್ಲ. ಗೆಳತಿಯರ ಜೊತೆ ಅವಳು ತುಮಕೂರಿಗೆ ಹೋಗಬೇಕಿದ್ದ ಸಿನಿಮಾ ರದ್ದಾಯಿತು. ಸಾಲದ್ದಕ್ಕೆ ಒದ್ದೆ ಹಾಳೆಗಳನ್ನು ಒಲೆಯ ಬಳಿ ಒಣಗಿಸಿ, ಗೊಣಗುತ್ತಾ, ಅಷ್ಟನ್ನೂ ನಕಲು ಮಾಡಿಕೊಟ್ಟಳು.

ಸೋಮವಾರ ಅದನ್ನೇ ಓದಿದೆ. "ಪ್ರತಿಕಾಯ ತನ್ನ ತೋಳುಗಳಿಂದ ಗುರಿಯ ಕೋಶಕ್ಕೆ ಅಂಟಿಕೊಳ್ಳುತ್ತದೆ. ಅದರ ಬಾಲ ಹೊರಗೆ ಚಾಚಿರುತ್ತದೆ. ಒಂದು ಬಗೆಯ ಬಿಳಿ ರಕ್ತಕಣ ಬಂದು ಆ ಬಾಲವನ್ನು ಹಿಡಿದು, ತನ್ನೊಳಗಿನ ವಿಷವನ್ನು ಹೊರಬಿಟ್ಟು ಕೋಶವನ್ನು ಕೊಲ್ಲುತ್ತದೆ." ಇಲ್ಲಿಗೆ ನಾನು ಬರೆದದ್ದು ಮುಗಿದಿತ್ತು. ಹಾಳೆ ತಿರುವಿದೆ, ಕಣ್ಣು ಎಚ್ಚರಿಸುವ ಮೊದಲೇ ಬಾಯಿ ಓದಿಬಿಟ್ಟಿತು. "ಅಂದರೆ ಪ್ರತಿಕಾಯ ನಮ್ಮಣ್ಣನ ಹಾಗೆ. ಬೊಟ್ಟಿಡುತ್ತದೆ, ತಾನು ಒಂದನ್ನೂ ಕೊಲ್ಲುವುದಿಲ್ಲ. ಈ ಬಿಳಿ ರಕ್ತಕಣ ನಮ್ಮಪ್ಪನ ಹಾಗೆ. ತಿಗಣೆ ಕಾಣದು, ಬೊಟ್ಟು ಕಾಣುತ್ತದೆ. ಬೊಟ್ಟು ತಪ್ಪಿದರೆ ಮನೆಯವರ ಟ್ರಂಕೇ ಬೇಯುತ್ತದೆ."

ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಈಗ ಅರ್ಥ ಆಗಿದೆ ಕಣಯ್ಯಾ ನಿನಗೆ. ಆ ಕೊನೇದು ಯಾವ ಪುಸ್ತಕದ್ದು?"

"ಸ್ವಂತದ್ದು ಸಾರ್."

ಸಂಜೆ ಸರಸು ಬಾಗಿಲಲ್ಲೇ ಕಾದಿದ್ದಳು. "ನಾನ್ ಸೇರಿಸಿದ್ದು ಓದಿದ್ಯಾ?"

"ಥೂ, ಹಾರಿಸ್ಬಿಟ್ಟೆ."

ಅಂದಿನಿಂದ ಅವಳು ಸಿಕ್ಕಾಗಲೆಲ್ಲ ಸುಣ್ಣದ ಮಾತು ತೆಗೆದು ಕೆಣಕುತ್ತೇನೆ. "ನಾನಲ್ಲ" ಎಂದು ಅವಳು ಹನ್ನೊಂದು ಸಲ ಆಣೆ ಇಟ್ಟಿರುವುದು ಡೈರಿಯಲ್ಲಿದೆ.

ಇಂದು ಸೀಮೆಎಣ್ಣೆಗೆ ಟ್ರಂಕಿನ ಕೊಳೆಯೆಲ್ಲ ಬಿಟ್ಟಿತು. ಮುಚ್ಚಳದ ಅಂಚಿನಲ್ಲಿ, ಸುಣ್ಣ ಬಣ್ಣವನ್ನು ತಿಂದ ಕಡೆ, ನಾಲ್ಕು ನೆಟ್ಟನೆಯ ಗೀಟು, ಅವನ್ನು ಅಡ್ಡ ಹಾಯ್ದ ಐದನೆಯದು. ಪಕ್ಕದಲ್ಲಿ ಮತ್ತೆ ಐದು. ಆ ಮನೆಯಲ್ಲಿ ಹಾಗೆ ಎಣಿಸುವವನು ಒಬ್ಬನೇ ಇದ್ದ. ಸುಣ್ಣದ ಬೆರಳಲ್ಲಿ ಪೆನ್ನು ಹಿಡಿಯಲಾಗದೆ, ಸಿಕ್ಕ ತಿಗಣೆಗಳ ಲೆಕ್ಕವನ್ನು ಟ್ರಂಕಿನ ಮೇಲೇ ಗೀಚಿದ್ದ ಮಹಾನುಭಾವ.

ಮುಚ್ಚಲು ಬೆಡ್‌ಶೀಟ್ ಎತ್ತಿಕೊಂಡೆ. ಅಷ್ಟರಲ್ಲಿ ಸರಸು, ಹೇಳಿದ ಹೊತ್ತಿಗಿಂತ ಮೊದಲೇ, ಒಳಗೆ ಬಂದೇಬಿಟ್ಟಳು. ಬಗ್ಗಿ ಟ್ರಂಕನ್ನು ನೋಡಿದಳು, ನನ್ನನ್ನು ನೋಡಿದಳು.

"ಹತ್ತು ತಿಗಣೆ," ಎಂದಳು. ಬ್ಯಾಗನ್ನು ಕೆಳಗಿಡಲೇ ಇಲ್ಲ. "ಮ್ಯಾಟನಿ ಎಷ್ಟು ಗಂಟೆಗೆ ಅಣ್ಣಾ?"

ಥಿಯೇಟರಿನ ದಾರಿಯಲ್ಲಿ ಸೆಮಿನಾರಿನ ಸುಳ್ಳನ್ನೂ ಒಪ್ಪಿಕೊಂಡೆ.

"ಹಂಗಾದ್ರೆ ಎರಡು ಸಿನಿಮಾ."

ಡೈರಿಯಲ್ಲಿ ಬರೆದುಕೊಂಡಿದ್ದೇನೆ: ಒಂದು ಆಯಿತು, ಒಂದು ಬಾಕಿ.