ತಕ್ಕಡಿಯಕ್ಕ ಮತ್ತು ಬೀಗರ ಬ್ರೇಕು

ಗಾಡಿಗಳ ಬಿಡಿಭಾಗ ಮಾರುವ ಆ ಅಂಗಡಿಯಲ್ಲಿ ತಕ್ಕಡಿ ಎಂಬುದೇ ಇಲ್ಲ. ಆದರೂ ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಕರೆಯುವುದು ತಕ್ಕಡಿಯಕ್ಕ ಎಂದೇ. ಯಾವ ಮಾಲು ಬರಲಿ, ಪೆಟ್ಟಿಗೆಯ ಮೇಲಿನ ಅಕ್ಷರ ಓದುವ ಮೊದಲು ಆಕೆ ಅದನ್ನು ಅಂಗೈಮೇಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸುತ್ತಾಳೆ. ಅಷ್ಟರಲ್ಲಿ ಆ ಮಾಲಿನ ಹಣೆಬರಹ ಅವಳಿಗೆ ಗೊತ್ತಾಗಿಹೋಗಿರುತ್ತದೆ.

ಈ ವಿದ್ಯೆಯನ್ನು ಆಕೆ ಎಲ್ಲೂ ಹೋಗಿ ಕಲಿತದ್ದಲ್ಲ. ಮದುವೆಯಾದ ಹೊಸತರಲ್ಲಿ, ಅಂಗಡಿ ನಡೆಸುತ್ತಿದ್ದ ಗಂಡನಿಗೆ ಬುತ್ತಿ ತರುತ್ತಿದ್ದಳು. ಗಂಡ ಏಣಿ ಹತ್ತಿ ಮೇಲಿನ ಹಲಗೆಯಿಂದ ಒಂದೊಂದೇ ಸಾಮಾನು ಕೆಳಗೆ ಕೊಡುವಾಗ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಿತ್ತು. ಹಾಗೆ ಹಿಡಿಯುತ್ತ ಹಿಡಿಯುತ್ತ, ಬಾಯಿಗೆ ಹೆಸರು ಬರುವ ಮೊದಲೇ ಕೈಗೆ ತೂಕ ಬಂತು. ಗಂಡ ತೀರಿಕೊಂಡ ಮೇಲೆ ಗಿರಾಕಿಗಳು ಅವಳ ಹೆಗಲ ಮೇಲಿಂದ ಒಳಗೆ ಇಣುಕಿ, "ಯಜಮಾನ್ರು ಇಲ್ವಾ?" ಎಂದು ಕೇಳುತ್ತಿದ್ದರು.

"ಫೋಟೋದಲ್ಲಿದ್ದಾರೆ. ರೇಟು ಮಾತ್ರ ನಾನು ಹೇಳ್ತೀನಿ" ಎನ್ನುತ್ತಿದ್ದಳು ಆಕೆ.

ಅಂಗಡಿಗೆ ಬರುವವರ ಮೊದಲ ಪ್ರಶ್ನೆ ಒಂದೇ: "ಒರಿಜಿನಲ್ಲಾ, ಡೂಪ್ಲಿಕೇಟಾ?" ಜಗತ್ತಿನಲ್ಲಿ ಎರಡೇ ಜಾತಿಯ ಮಾಲು ಇದೆಯೆಂದು ಅವರ ನಂಬಿಕೆ. ಅಕ್ಕನ ಲೆಕ್ಕದಲ್ಲಿ ಮೂರು. ಗಾಡಿ ಮಾಡಿದ ಕಂಪನಿಯೇ ಕೊಡುವುದು ಒಂದು. ಬೇರೆ ಕಂಪನಿ ತನ್ನ ಹೆಸರು ತಾನೇ ಹಾಕಿಕೊಂಡು, ತನ್ನ ಮಾನ ತಾನೇ ಕಾಯ್ದುಕೊಂಡು ಮಾಡುವುದು ಇನ್ನೊಂದು. ಇನ್ನೊಬ್ಬರ ಹೆಸರು ಹೊದ್ದು ಬರುವ ಕಳ್ಳಮಾಲು ಮೂರನೆಯದು. ಎರಡನೆಯದನ್ನೂ ಮೂರನೆಯದನ್ನೂ ಒಂದೇ ಬಾಯಲ್ಲಿ ಡೂಪ್ಲಿಕೇಟ್ ಎಂದವರ ಮೇಲೆ ಅವಳಿಗೆ ಮೈಯೆಲ್ಲ ಉರಿ. "ನೆರೆಮನೆಯವನನ್ನೂ ಕಳ್ಳನನ್ನೂ ಒಂದೇ ಅಂತೀರಲ್ಲ, ಇಬ್ಬರೂ ನಿಮ್ಮ ಮನೆಯವರಲ್ಲ ಅಂತಾನಾ?" ಎಂದು ಕೇಳುವಳು.

ಮಾಲು ಕೊಡುವ ಮೊದಲು ಆಕೆಯದೂ ಒಂದು ಪ್ರಶ್ನೆ: "ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ?" ಜನ ಕನ್ನಡಿ, ಬಂಪರು, ಚಕ್ರದ ಮುಚ್ಚಳ ಎಲ್ಲ ಒರಿಜಿನಲ್ಲೇ ಬೇಕೆಂದು ಹಟ ಹಿಡಿದು, ಯಾರ ಕಣ್ಣಿಗೂ ಬೀಳದ ಬ್ರೇಕಿಗೆ ಬಂದಾಗ "ಯಾವುದಾದ್ರೂ ಕೊಡಿ" ಎನ್ನುತ್ತಾರೆ. ಅಂಥವರಿಗೆ ಆಕೆಯ ಉತ್ತರ ಸಿದ್ಧವಾಗಿರುತ್ತದೆ: "ಹೊಳೆಯೋದಕ್ಕೆ ಯಾವುದಾದ್ರೂ ನಡೆಯುತ್ತೆ. ನಿಲ್ಲಿಸೋದಕ್ಕೆ ನಡೆಯಲ್ಲ."

ಇಷ್ಟು ನೇರ ಮಾತಿನ ಹೆಂಗಸು ತನ್ನ ಬೀಗರ ಮುಂದೆ ಮಾತ್ರ ನಾಲಿಗೆಗೆ ಬ್ರೇಕು ಹಾಕಿಕೊಳ್ಳಬೇಕಾಗಿತ್ತು.

ಬೀಗರೆಂದರೆ ಮಗಳ ಮಾವ. ನೋಂದಣಿ ಕಚೇರಿಯಲ್ಲಿ ಮೂವತ್ತೈದು ವರ್ಷ ಮೊಹರು, ಸಹಿ, ತಾರೀಕು ನೋಡಿ ನಿವೃತ್ತರಾದವರು. ಮೊಹರಿದ್ದರೆ ಕಲ್ಲನ್ನೂ ನಂಬುವರು, ಇಲ್ಲದಿದ್ದರೆ ಕನ್ನಡಿಯೊಳಗಿನ ತಮ್ಮ ಮುಖವನ್ನೂ ನಂಬರು. ಅವರಿಗೊಂದು ಹಳೆಯ ಕಾರು. ಅದಕ್ಕೆ ಹಾಕಿಸಿದ ಪ್ರತಿಯೊಂದು ಬಿಡಿಭಾಗದ ಖಾಲಿ ಪೆಟ್ಟಿಗೆಯನ್ನೂ ತಾರೀಕು ಬರೆದು, ಸಹಿ ಹಾಕಿ, ಅಡುಗೆಮನೆಯ ಕಪಾಟಿನಲ್ಲಿ ಜೋಡಿಸಿಟ್ಟಿದ್ದರು. "ಪಾತ್ರೆಗೆ ಜಾಗ ಇಲ್ಲಮ್ಮ, ಮಾವನ ಪೆಟ್ಟಿಗೆಗಿದೆ" ಎಂದು ಮಗಳು ಫೋನಿನಲ್ಲಿ ನಗುತ್ತಿದ್ದಳು. ಆ ಕಾರಿನಲ್ಲೇ ಬೀಗರು ದಿನವೂ ಬೆಳಿಗ್ಗೆ ಆರು ವರ್ಷದ ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು, ಮನೆಮುಂದಿನ ಉದ್ದನೆಯ ಇಳಿಜಾರು ಇಳಿದು ಶಾಲೆಗೆ ಬಿಡುತ್ತಿದ್ದರು.

ಬ್ರೇಕ್ ಪ್ಯಾಡ್ ಸವೆದಾಗ ಅವರು ಮೊದಲು ಬಂದದ್ದು ಅಕ್ಕನ ಅಂಗಡಿಗೇ.

"ಈ ಗಾಡಿದು ಕಂಪನಿ ಮಾಲು ಬರೋಕೆ ಮೂರು ವಾರ ಹಿಡಿಯುತ್ತೆ ಬೀಗರೇ. ಅಲ್ಲಿವರೆಗೆ ಸವೆದದ್ದರಲ್ಲಿ ಓಡಿಸಬೇಡಿ. ಇದು ಬೇರೆ ಕಂಪನಿದು, ಬ್ರೇಕು ಬಿಟ್ಟು ಬೇರೇನೂ ಮಾಡೋದಿಲ್ಲ ಅವರು" ಎಂದು ಹಳದಿ ಪೆಟ್ಟಿಗೆಯೊಂದನ್ನು ಮುಂದಿಟ್ಟಳು.

ಬೀಗರು ಪೆಟ್ಟಿಗೆಯನ್ನು ಮುಟ್ಟದೆ ಓದಿದರು. "ಡೂಪ್ಲಿಕೇಟಾ?"

ಅಕ್ಕ ಮಗಳನ್ನು ನೆನೆದು ನೀರು ಕುಡಿದಳು.

ಮರುದಿನವೇ ಬೀಗರು ಗೆದ್ದ ಮುಖ ಹೊತ್ತು ಬಂದರು. ದೊಡ್ಡ ರಸ್ತೆಯಲ್ಲಿ ಹೊಸದಾಗಿ ತೆರೆದ ಗಾಜಿನ ಬಾಗಿಲಿನ ಅಂಗಡಿಯಲ್ಲಿ ಅದೇ ಕಂಪನಿ ಮಾಲು ಕೇಳಿದ ಕೂಡಲೇ ಸಿಕ್ಕಿತ್ತು. ಕಂಪನಿಯ ಪೆಟ್ಟಿಗೆ, ಹೊಳೆಯುವ ಚೀಟಿ, ಒಳಗೆ ಪ್ಯಾಡಿನ ಮೇಲೂ ಕಂಪನಿಯ ಮುದ್ರೆ ಮತ್ತು ನಂಬರು. ಹಾಕಿಕೊಡಲು ಮಾತ್ರ ಅಕ್ಕನ ಪಕ್ಕದ ಗ್ಯಾರೇಜಿನ ಮೇಸ್ತ್ರಿಯೇ ಬೇಕಾಗಿತ್ತು.

ಅಕ್ಕ ಒಂದು ಪ್ಯಾಡನ್ನು ತೆಗೆದು ಅಂಗೈಮೇಲೆ ಆಡಿಸಿದಳು. ಹಪ್ಪಳದಷ್ಟು ಹಗುರ.

"ಬೀಗರೇ, ಯಾಕೋ ಸ್ವಲ್ಪ ತೂಕ ಕಡಿಮೆ ಅನ್ನಿಸ್ತಿದೆ."

"ನಿಮ್ಮ ಅಂಗಡೀಲಿ ಇಲ್ಲದ ಮಾಲು ನಿಮ್ಮ ಕೈಗೆ ಹಗುರಾನೇ ಬಿಡಿ ಬೀಗಿತ್ತಿ" ಎಂದರು ಬೀಗರು, ನಗುತ್ತಲೇ. "ಮೇಸ್ತ್ರಿಗೆ ಪುರುಸೊತ್ತಿಲ್ಲದಿದ್ರೆ ಹೇಳಿ, ಬೇರೆ ಕಡೆ ಹಾಕಿಸ್ಕೋತೀನಿ."

ವ್ಯಾಪಾರದಲ್ಲಿ ಇದೊಂದು ಸಂಕಟ. ಎದುರಂಗಡಿಯ ಮಾಲು ಕೆಟ್ಟದ್ದು ಎಂದು ಅಂಗಡಿಯವರೇ ಹೇಳಿದರೆ ಯಾರೂ ನಂಬುವುದಿಲ್ಲ. ನಿಜವಾಗಿದ್ದರಂತೂ ಇನ್ನೂ ನಂಬುವುದಿಲ್ಲ. ಇನ್ನೊಂದು ಮಾತಾಡಿದರೆ ಬೀಗರು ಕಾರು ತಿರುಗಿಸಿಕೊಂಡು ಹೋಗಿ ಬೇರೆಲ್ಲೋ ಅದನ್ನೇ ಹಾಕಿಸುವುದು ಖಂಡಿತ. ನಾಳೆ ಬೆಳಿಗ್ಗೆ ಅದೇ ಇಳಿಜಾರು, ಹಿಂದೆ ಅದೇ ಮಗು.

"ಪುರುಸೊತ್ತಿಗೇನು, ಕೂತ್ಕೊಳ್ಳಿ. ಟೀ ತರಿಸ್ತೀನಿ" ಎಂದು ಪೆಟ್ಟಿಗೆಯನ್ನು ಸೆರಗಿನ ಮರೆಗೆ ಹಿಡಿದು ಅಕ್ಕ ಹಿಂದಿನ ಬಾಗಿಲಿಂದ ಗ್ಯಾರೇಜಿಗೆ ನಡೆದಳು. ಅಲ್ಲಿ ಕಳ್ಳಮಾಲನ್ನು ಹೊರಗೆ ತೆಗೆದು, ಹಳದಿ ಪೆಟ್ಟಿಗೆಯ ಪ್ಯಾಡುಗಳನ್ನು ಕಂಪನಿಯ ಪೆಟ್ಟಿಗೆಗೆ ತುಂಬಿದಳು.

ಮೇಸ್ತ್ರಿ ಬೀಡಿ ಬಾಯಿಂದ ತೆಗೆದ. "ಇಪ್ಪತ್ತು ವರ್ಷ ಬೈದಿದ್ದನ್ನ ಈಗ ನೀವೇ ಮಾಡ್ತಿದ್ದೀರಲ್ಲ ಅಕ್ಕ."

"ಬೈದು ಬೈದು ಅಭ್ಯಾಸ ಆಗಿದೆ. ಬಾಯಿ ಮುಚ್ಕೊಂಡು ಚಕ್ರ ಬಿಚ್ಚು."

ಆ ಗ್ಯಾರೇಜಿನ ವಾಡಿಕೆಯಂತೆ ಸವೆದ ಹಳೆಯ ಪ್ಯಾಡುಗಳು ಹೊಸದರ ಪೆಟ್ಟಿಗೆಯಲ್ಲಿ ಕೂತು ಬೀಗರ ಕೈ ಸೇರಿದವು. ಪೆಟ್ಟಿಗೆ ಕಪಾಟು ಸೇರಿತು. ಕಳ್ಳ ಪ್ಯಾಡೊಂದನ್ನು ಅಕ್ಕ ಗಾಳಿಗೆ ಬಡಿದುಕೊಳ್ಳುತ್ತಿದ್ದ ಅಂಗಡಿಯ ಬಾಗಿಲ ಸಂದಿಗೆ ತುರುಕಿದಳು. ಕಾರು ನಿಲ್ಲಿಸದಿದ್ದರೂ ಬಾಗಿಲನ್ನಾದರೂ ನಿಲ್ಲಿಸಲಿ.

ಅಲ್ಲಿಗೆ ಮುಗಿಯಿತೆಂದುಕೊಂಡದ್ದೇ ತಪ್ಪು. ವಾರಕ್ಕೊಮ್ಮೆ ಬೀಗರ ಫೋನು ಶುರುವಾಯಿತು.

"ಬೀಗಿತ್ತಿ, ಏನು ಬ್ರೇಕು ಅಂತೀರಿ. ಕಾಲಿಟ್ಟರೆ ಸಾಕು, ಸಾಹೇಬರನ್ನ ಕಂಡ ಜವಾನನ ಹಾಗೆ ನಿಂತುಬಿಡುತ್ತೆ. ಒರಿಜಿನಲ್ ಅಂದ್ರೆ ಒರಿಜಿನಲ್ಲೇ."

"ಹೌದು ಬೀಗರೇ" ಎನ್ನುವಳು ಅಕ್ಕ. ತನ್ನ ಮಾಲಿನ ಹೊಗಳಿಕೆಯನ್ನು ಇನ್ನೊಬ್ಬರ ಹೆಸರಿನಲ್ಲಿ ಕೇಳಿಸಿಕೊಳ್ಳುವುದೆಂದರೆ, ತಾನು ಹೆತ್ತ ಕೂಸನ್ನು ಪಕ್ಕದ ಮನೆಯವಳು ಎತ್ತಿ ಮುದ್ದಾಡಿದಂತೆ. ಕೇಳಿ ಕೇಳಿ ಕಿವಿ ಬಿಸಿಯಾಗುತ್ತಿತ್ತು. ಆದರೂ ಮಗು ಸುಖವಾಗಿ ಶಾಲೆ ತಲಪುತ್ತಿದೆಯಲ್ಲ ಎಂದು ಸುಮ್ಮನಿದ್ದಳು.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬೀಗರು ತಮ್ಮ ಹಳೆಯ ಸಹೋದ್ಯೋಗಿಯನ್ನು ಕರೆದುಕೊಂಡು ಬಂದರು. ಈತ ನಿವೃತ್ತಿಯ ನಂತರ ಒಂದು ವ್ಯಾನು ಇಟ್ಟುಕೊಂಡು, ಆಸ್ಪತ್ರೆಯ ನರ್ಸುಗಳನ್ನು ಪಾಳಿಗೆ ಬಿಟ್ಟು ಕರೆತರುತ್ತಿದ್ದ. ಕೈಯಲ್ಲಿ ಎರಡು ಪೆಟ್ಟಿಗೆ.

"ಇವನ ವ್ಯಾನಿಗೂ ಬ್ರೇಕು ಹಾಕಿಸಬೇಕು" ಎಂದರು ಬೀಗರು. "ಎಲ್ಲಿ ತಗೊಳ್ಳಲಿ ಅಂದ. ನಾನು ಆ ಗಾಜಿನ ಬಾಗಿಲಿನ ಅಂಗಡಿಗೇ ಕರ್ಕೊಂಡು ಹೋದೆ. ನಿಮ್ಮಿಂದ ಮುಚ್ಚಿಡೋದೇನು ಬೀಗಿತ್ತಿ, ನಾನು ಹೇಳಿ ನಮ್ಮ ಕಚೇರಿಯ ಇನ್ನೂ ನಾಲ್ಕು ಜನ ಅಲ್ಲಿಗೇ ಹೋಗೋರಿದ್ದಾರೆ."

ಅಕ್ಕ ಪೆಟ್ಟಿಗೆ ಬಿಚ್ಚಿ ಪ್ಯಾಡನ್ನು ಅಂಗೈಮೇಲಿಟ್ಟಳು. ಎರಡನೆಯ ಸಲ ಆಡಿಸುವ ಅಗತ್ಯವೇ ಬೀಳಲಿಲ್ಲ.

ಹಿಂದಿನ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಹುಬ್ಬು ಏರಿಸಿದ. ಇನ್ನೊಂದು ಸಲ ಬದಲಿಸೋಣವೇ ಎಂಬುದು ಅದರ ಅರ್ಥ. ಬದಲಿಸಬಹುದು. ಇವತ್ತು ಇವರದು, ನಾಳೆ ಆ ನಾಲ್ಕು ಜನರದು. ಆದರೆ ಅವರೆಲ್ಲ ಈ ಗ್ಯಾರೇಜಿಗೇ ಬರಬೇಕೆಂದು ಎಲ್ಲಿ ಬರೆದಿದೆ? ಒಂದು ಮಗುವಿಗಾಗಿ ಆಡಿದ ಆಟ ಈಗ ಕಳ್ಳಮಾಲಿಗೆ ಬೀಗರ ಮೊಹರನ್ನೇ ಒತ್ತಿ ಕೊಟ್ಟಿತ್ತು. ಬಾಯಿ ಬಿಟ್ಟರೆ ಬೀಗರ ಮುಖಭಂಗ, ಮಗಳ ಮನೆಯಲ್ಲಿ ಮುಸುಕಿನ ಗುದ್ದು. ಬಿಡದಿದ್ದರೆ ವ್ಯಾನು ತುಂಬ ನರ್ಸುಗಳು.

"ಅಣ್ಣಾವ್ರೇ, ನೀವು ಸ್ವಲ್ಪ ಮೇಸ್ತ್ರಿಗೆ ವ್ಯಾನು ತೋರಿಸಿ" ಎಂದು ಆಕೆ ಸಹೋದ್ಯೋಗಿಯನ್ನು ಹಿಂದಕ್ಕೆ ಸಾಗಹಾಕಿದಳು. ಬೈಯಿಸಿಕೊಳ್ಳುವುದಾದರೂ ಬೀಗರೊಬ್ಬರ ಮುಂದೆಯೇ ಆಗಲಿ.

ಆಮೇಲೆ ಬಗ್ಗಿ ಬಾಗಿಲ ಸಂದಿಯಿಂದ ಪ್ಯಾಡನ್ನು ಎಳೆದಳು. ಬಾಗಿಲು ದಡಾರನೆ ಮುಚ್ಚಿಕೊಂಡಿತು. ಪ್ಯಾಡಿನ ಧೂಳು ಒರೆಸಿ ಕೌಂಟರಿನ ಮೇಲಿಟ್ಟಳು.

ಬೀಗರು ಕನ್ನಡಕ ಏರಿಸಿ ನಂಬರು ಓದಿದರು. ನಂಬರು ಮರೆಯುವ ಪೈಕಿ ಅಲ್ಲ ಅವರು.

"ಇದು ನನ್ನ ಕಾರಿಂದಲ್ವಾ?"

"ನಿಮ್ಮ ಕಾರಿಂದೇ. ಆವತ್ತು ನೀವು ತಂದದ್ದು."

"ಮತ್ತೆ ಕಾರಲ್ಲಿರೋದು?"

"ನೀವು ಡೂಪ್ಲಿಕೇಟ್ ಅಂದಿದ್ರಲ್ಲ, ಅದು."

ಅಕ್ಕ ಬಟ್ಟೆಯ ತುದಿಯನ್ನು ಪೆಟ್ರೋಲಿಗೆ ಅದ್ದಿ ಪ್ಯಾಡಿನ ಮೇಲಿನ ಮುದ್ರೆಯನ್ನು ಉಜ್ಜಿದಳು. ಅರ್ಧ ಮಾಯವಾಯಿತು. ಉಳಿದರ್ಧವನ್ನು ಬೀಗರು ತಮ್ಮ ಹೆಬ್ಬೆರಳಿನಿಂದಲೇ ಉಜ್ಜಿದರು. ಅದೂ ಹೋಯಿತು. ಕಪ್ಪಾದ ಹೆಬ್ಬೆರಳನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು.

"ಮೊಹರು ಹೀಗೆ ಅಳಿಸಿ ಹೋಗಬಾರದು" ಎಂದರು ಮೆಲ್ಲಗೆ. ಆಮೇಲೆ ದನಿ ಏರಿತು. "ನಾಲ್ಕು ತಿಂಗಳಿಂದ ನನಗೆ ಸುಳ್ಳು ಹೇಳಿದ್ರಿ."

"ಹೌದು ಬೀಗರೇ."

"ಇದಕ್ಕೆ ನಮ್ಮ ಕಚೇರೀಲಿ ಫೋರ್ಜರಿ ಅಂತಿದ್ವಿ."

"ಅನ್ನಿ. ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ ಅಂತ ಎಲ್ಲರನ್ನೂ ಕೇಳ್ತೀನಿ. ನಿಮ್ಮನ್ನ ಕೇಳಬೇಕಾಗಿರಲಿಲ್ಲ, ನನಗೇ ಗೊತ್ತಿತ್ತು. ನೇರವಾಗಿ ಹೇಳಿದ್ರೆ ನೀವು ಕೇಳೋರಲ್ಲ ಅನ್ನೋದೂ ಗೊತ್ತಿತ್ತು."

ಬೀಗರು ಎದ್ದರು. ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು. ಮುಗಿಯಿತು, ಮಗಳಿಗೆ ಫೋನು ಮಾಡಿ ಮೊದಲೇ ಹೇಳಿಬಿಡಬೇಕು ಎಂದುಕೊಂಡಳು ಅಕ್ಕ. ಆದರೆ ಅವರು ತಿರುಗಿ ಹಿಂಬಾಗಿಲಿಗೆ ಹೋಗಿ ಗೆಳೆಯನನ್ನು ಕೂಗಿದರು.

"ಚಕ್ರ ಬಿಚ್ಚಿಸಬೇಡ ಕಣೋ. ನಡಿ, ಆ ಪೆಟ್ಟಿಗೆ ವಾಪಸ್ ಎಸೆದು ಬರೋಣ. ಆ ಅಂಗಡಿಯವ್ರು ನನಗೂ ಟೋಪಿ ಹಾಕಿದ್ದಾರೆ."

"ನಾಲ್ಕು ತಿಂಗಳು ಹಾಡಿ ಹೊಗಳಿದ್ಯಲ್ಲ?" ಎಂದ ಗೆಳೆಯ.

"ಹೊಗಳಿಕೆ ಸರಿಯಾಗೇ ಇತ್ತು. ವಿಳಾಸ ತಪ್ಪಿತ್ತು, ಅಷ್ಟೇ" ಎಂದರು ಬೀಗರು. ಬಾಗಿಲಿಗೆ ಆಸರೆಯಾಗಿದ್ದ ಪ್ಯಾಡನ್ನು ಸಾಕ್ಷಿಯೆಂದು ಕಿಸೆಗೆ ಹಾಕಿಕೊಂಡು, ಹೋಗುವ ಮುನ್ನ ಅಕ್ಕನ ಮುಖ ನೋಡದೆ ಕೇಳಿದರು: "ಆ ಹಳದಿ ಪೆಟ್ಟಿಗೆ ಇದೆಯಾ, ಬಿಸಾಡಿದ್ರಾ?"

ಇತ್ತು. ಅದರೊಳಗೆ ಅಕ್ಕ ಬೋಲ್ಟು ತುಂಬಿಟ್ಟಿದ್ದಳು. ಸುರಿದು, ಕೊಡವಿ ಕೊಟ್ಟಳು.

ಆ ಸಂಜೆ ಎಂದೂ ಇಲ್ಲದ ಹೊತ್ತಿನಲ್ಲಿ ಮಗಳ ಫೋನು ಬಂತು. ಅಕ್ಕ ಮೊದಲ ರಿಂಗಿಗೇ ಎತ್ತಿದಳು.

"ಅಮ್ಮ, ಏನಾಗಿದೆ ಅಂತೀನಿ. ಮಾವ ಕಪಾಟಿಂದ ಒಂದು ಪೆಟ್ಟಿಗೆ ತೆಗೆದು ಒಲೆಗೆ ಹಾಕಿದ್ರು. ಅದರ ಜಾಗಕ್ಕೆ ಎಣ್ಣೆ ಜಿಡ್ಡಿನ ಹಳದಿ ಪೆಟ್ಟಿಗೆ ತಂದು ಇಟ್ಟಿದ್ದಾರೆ. ಸಹಿ ಹಾಕಿದ್ದಾರೆ ಸರಿ, ಆದ್ರೆ ತಾರೀಕು ನಾಲ್ಕು ತಿಂಗಳ ಹಿಂದಿಂದು. ಇಷ್ಟು ವರ್ಷದಲ್ಲಿ ಮಾವ ತಾರೀಕು ತಪ್ಪಿದ್ದನ್ನ ನಾನು ನೋಡಿಲ್ಲ."

ಗಾಳಿಗೆ ಅಂಗಡಿಯ ಬಾಗಿಲು ಬಡಿದುಕೊಳ್ಳುತ್ತಿತ್ತು. ಅಕ್ಕ ಕಾಲಿಂದ ಅರ್ಧ ಇಟ್ಟಿಗೆಯೊಂದನ್ನು ಅದರ ಸಂದಿಗೆ ತಳ್ಳಿದಳು.

"ತಪ್ಪಿಲ್ಲ ಬಿಡು ಮಗಳೇ" ಎಂದಳು. "ಹಾಕಿದ್ದು ಆವತ್ತೇ."