ಓಬಳಪ್ಪನ ತಂದೆಯ ಚೌಕ

ಆ ಬೆಳಿಗ್ಗೆ ಎಂದಿನಂತೆ ಮಕ್ಕಳ ಡಬ್ಬಿಗೆ ಚಿತ್ರಾನ್ನ ತುಂಬಿ, ಹಾಲಿನ ಪಾತ್ರೆಗೆ ನೀರು ಹಾಕಿಟ್ಟು, ಸೆರಗಿಗೆ ಪಿನ್ನು ಚುಚ್ಚುವಷ್ಟರಲ್ಲಿ ಡಾಕ್ಟರ ಜೀಪು ಬಂತು. ಎಪ್ಪತ್ತರ ದಶಕದ ಕೊನೆಯಲ್ಲಿ, ಚಿತ್ರದುರ್ಗದಲ್ಲಿ, ಒಬ್ಬ ನರರೋಗ ತಜ್ಞರಿಗೆ ರೋಗಿಗಳ ಮನೆತನದ ವಂಶವೃಕ್ಷ ಬರೆದುಕೊಡುವ ಕೆಲಸಕ್ಕೆ ನಾನಿದ್ದೆ. ಕಾನ್ವೆಂಟಿನ ಇಂಗ್ಲಿಷು, ಹೆಂಗಸರೊಡನೆ ಅಡುಗೆಮನೆಯಲ್ಲಿ ಕೂತು ಮಾತಾಡುವ ರೂಢಿ, ಇವೆರಡೇ ನನ್ನ ಅರ್ಹತೆ.

ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಕಾಯಿಲೆಯಿದ್ದರೆ ಅದನ್ನು ಕಪ್ಪು ಮಾಡಬೇಕು. ಎರಡು ತಲೆಮಾರು ಕಪ್ಪಾದ ಮನೆತನದವರನ್ನಷ್ಟೇ ಸಿ.ಟಿ. ಸ್ಕ್ಯಾನಿಗೆ ದೂರದ ನಗರಕ್ಕೆ ಕಳಿಸುತ್ತಿದ್ದರು. ಮೆದುಳನ್ನು ಪದರ ಪದರವಾಗಿ ತೋರಿಸುವ ಆ ಯಂತ್ರ ಆಗ ದೇಶಕ್ಕೇ ಹೊಸದು.

ರಾಮಗಿರಿಯ ಆಚೆಗಿನ ಹಳ್ಳಿಯೊಂದರಲ್ಲಿ ಕುರಿ ಸಾಕುವ ಓಬಳಪ್ಪ ಎರಡು ವರ್ಷದಿಂದ ತೂರಾಡುತ್ತಿದ್ದ. ಮಾತೂ ತೊದಲುತ್ತಿತ್ತು. ಊರು ಅವನನ್ನು ಕುಡುಕ ಅನ್ನುತ್ತಿತ್ತು.

"ವಾಸಿ ಮಾಡ್ರಿ ಅನ್ನಲ್ಲ ಕಣವ್ವ," ಎಂದ. "ನಾನು ಕುಡಿದಿಲ್ಲ ಅಂತ ತಲೆ ಒಳಗಿಂದು ಒಂದು ಫೋಟ ತೆಗೆಸಿಕೊಡ್ರಿ. ಕಟ್ಟೆ ಮೇಲೆ ಕುಂತವ್ರಿಗೆ ತೋರಿಸ್ತೀನಿ."

ಡಾಕ್ಟರು ಅವನನ್ನು ಅಂಗಳದಲ್ಲಿ ನಡೆಸಿ ನೋಡುತ್ತಿದ್ದಾಗ, ನಾನು ಒಳಗೆ ಅವನ ಹೆಂಡತಿ ಗೌರಮ್ಮನನ್ನು ಕೇಳಿದೆ: ಮನೆಯಲ್ಲಿ ಇನ್ಯಾರಿಗಾದರೂ ಹೀಗಿತ್ತೇ? "ಯಾರಿಗೂ ಇಲ್ಲ," ಎಂದಳು.

ಆದರೆ ಮಲಗುವ ಮೂಲೆಯಿಂದ ಬಚ್ಚಲಿನವರೆಗೆ ಗೋಡೆಗುಂಟ ಒಂದು ಬಿದಿರಿನ ಗಳ ಕಟ್ಟಿತ್ತು. ಹಿಡಿದು ಹಿಡಿದು ಗಾಜಿನಂತೆ ನುಣುಪಾಗಿತ್ತು. ಅದು ಎರಡು ವರ್ಷದ ನುಣುಪಲ್ಲ.

"ಇದನ್ನು ಕಟ್ಟಿದ್ದು ಯಾರಿಗೆ, ಗೌರಮ್ಮ?"

ಅವಳು ಬಾಗಿಲು ಮುಂದೆ ಮಾಡಿದಳು. "ನಮ್ಮ ಮಾವಂಗೆ. ಬರೀಬ್ಯಾಡ್ರಿ ಅಕ್ಕಾರೆ. ಮಗಳನ್ನ ಹಿರಿಯೂರು ಕಡೆಯವ್ರು ಒಪ್ಪಿ ಹೋಗವ್ರೆ. ಶುಕ್ರವಾರ ವೀಳ್ಯ ಶಾಸ್ತ್ರ ಐತೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ರಿ."

ಕಾಗದ ಡಾಕ್ಟರ ಕಪಾಟು ಬಿಟ್ಟು ಹೊರಗೆ ಹೋಗುವುದಿಲ್ಲ ಎಂದು ಎಷ್ಟು ಹೇಳಿದರೂ ಅವಳು ಹಿಡಿದಿದ್ದ ನನ್ನ ಕೈ ಬಿಡಲಿಲ್ಲ. ಮಾತು ಕೊಟ್ಟೆ. ತಂದೆಯ ಚೌಕವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ 'ತಿಳಿದಿಲ್ಲ' ಎಂದು ಬರೆದೆ. ಸುಳ್ಳು ಬರೆಯಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡ ಸಮಾಧಾನ ಜೀಪು ಹತ್ತುವವರೆಗೂ ಉಳಿಯಲಿಲ್ಲ.

ಡಾಕ್ಟರು ಹಾಳೆ ನೋಡಿ, "ಸ್ಕ್ಯಾನಿಗೆ ಹೆಸರು ಇವತ್ತೇ ಕಳಿಸಬೇಕು. ಇರುವುದು ಒಂದೇ ಜಾಗ. ಎರಡು ತಲೆಮಾರು ಕಪ್ಪಾಗಿರುವ ಆ ಹೊಸದುರ್ಗದ ಮನೆತನದವರಿಗೇ ಹೋಗಲಿ," ಎಂದರು. ಹಿಂದೆ ನೋಡಿದೆ. ಓಬಳಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

ಆ ಕೆಲಸ ನನಗೆ ಕಲಿಸಿದ್ದಿಷ್ಟು: ಒಬ್ಬರ ಗುಟ್ಟು ಕಾಯುವಾಗ ಅದರ ಬೆಲೆ ತೆರುವವರು ಯಾರೆಂದು ಮೊದಲು ಕೇಳಿಕೊಳ್ಳಬೇಕು. ನಾನು ಕೇಳಿಕೊಳ್ಳಲಿಲ್ಲ.

ಸಂಜೆ ಬಟ್ಟೆ ಮಡಚುತ್ತಿದ್ದಾಗ, ಹಿರಿಯೂರಿನಿಂದ ಬಂದು ಸೇರಿದ್ದ ಪಕ್ಕದ ಮನೆಯ ಸರೋಜಕ್ಕ ಕಾಂಪೌಂಡಿನ ಆಚೆಯಿಂದ ಕೇಳಿದರು: "ರಾಮಗಿರಿ ಕಡೆ ಹೋಗಿದ್ರಂತೆ? ಆ ತೂರಾಡೋರ ಮನೆ ಹುಡುಗೀನ ನಮ್ಮ ಅಣ್ಣನ ಓಣಿಯವ್ರೇ ತಗಂತಾ ಅವ್ರೆ. ಹುಡುಗಿ ತಾತಂಗೂ ಹಿಂಗೇ ಇತ್ತಂತಲ್ಲ, ಅವ್ರಿಗೆ ಎಲ್ಲಾ ಗೊತ್ತೈತೆ. ಹುಡುಗಿ ಕೆಲಸಗಾತಿ, ಇರ್ಲಿ ಬಿಡು ಅಂದ್ರಂತೆ. ನಿಮ್ಮನೇಲಿ ಕರಿಬೇವು ಐತೇನ್ರಿ?"