ಗೋಧಿ ರಾಶಿಗೆ ಒಂದು ಸುತ್ತು

ಹೆಸರಘಟ್ಟದ ಕಡೆಯ ಮುನಿಗಂಗಮ್ಮನನ್ನು ಆಸ್ಟ್ರೇಲಿಯಾದಲ್ಲಿ ಏನೇನು ನೋಡಿದೆ ಎಂದು ಕೇಳಿದರೆ ಕಾಂಗರೂ ಸುದ್ದಿ ಎತ್ತುವುದಿಲ್ಲ. ರಾಶಿ ನೋಡಿಕೊಂಡು ಬಂದೆ ಅನ್ನುತ್ತಾಳೆ.

ತಂಗಿಯ ಮಗಳು ನಾಗಲಕ್ಷ್ಮಿ ಅಲ್ಲಿನ ಸಣ್ಣ ಊರೊಂದರ ಆಸ್ಪತ್ರೆಯಲ್ಲಿ ನರ್ಸು. ದೊಡ್ಡಮ್ಮನಿಗೆ ಊರು ತೋರಿಸಬೇಕೆಂದು ಅವಳ ಗಂಡ ಗಿರಿ ಕ್ಯಾರವಾನ್ ಬಾಡಿಗೆಗೆ ತಂದಿದ್ದ. ಕಾರಿನ ಹಿಂದೆ ಚಕ್ರದ ಮೇಲೆ ಒಂದು ಮನೆ. ಮಂಚ, ಒಲೆ ಎಲ್ಲ ಅದರಲ್ಲೇ. ಮುನಿಗಂಗಮ್ಮ ನೇರ ಹತ್ತಿ ಮಂಚದ ಮೇಲೆ ಕಾಲು ಚಾಚಿದಳು. ಓಡುವಾಗ ಅದರೊಳಗೆ ಯಾರೂ ಇರಬಾರದು, ಇಲ್ಲಿನ ಕಾನೂನು ಎಂದು ಗಿರಿ ಇಳಿಸಿದ. ಮನೆ ಖಾಲಿ ಬರಬೇಕು, ಮನುಷ್ಯರು ಇಕ್ಕಟ್ಟಿನಲ್ಲಿ ಕೂರಬೇಕು, ಚೆಂದದ ಕಾನೂನು ಎಂದು ಗೊಣಗುತ್ತಲೇ ಆಕೆ ಕಾರಿನ ಸೀಟಿಗೆ ಬಂದಳು.

ಆವತ್ತು ಮೊದಲು ಬಣ್ಣದ ಕಣಜ, ಸಂಜೆಗೆ ಗುಲಾಬಿ ಬಣ್ಣದ ಕೆರೆ ಎಂದು ನಿಗದಿಯಾಗಿತ್ತು. ಮುಗಿಲೆತ್ತರದ ಸಿಮೆಂಟಿನ ಕಣಜದ ಮೇಲೆ ರೈತನೊಬ್ಬನ ಮುಖ ಬರೆದಿದ್ದರು. ಒಳಗೆ ಕಾಳು ಇದೆಯೇ ಎಂದಳು. ಇಲ್ಲ, ಹಳೇದು ಎಂದಾಗ ಕಾರಿಗೆ ಹಿಂದಿರುಗಿದಳು.

ಇಳಿಹೊತ್ತಿನಲ್ಲಿ ರಸ್ತೆಬದಿಗೆ ಹಳದಿ ಗುಡ್ಡವೊಂದು ಕಂಡಿತು. ಲಾರಿಗಳು ಸುರಿಯುತ್ತಿದ್ದವು. ಮರಳು ಅಂದುಕೊಂಡಳು.

"ಗೋಧಿ ದೊಡ್ಡಮ್ಮ. ಈಗಿಲ್ಲಿ ಸುಗ್ಗಿ" ಎಂದಳು ನಾಗಲಕ್ಷ್ಮಿ.

"ಗಾಡಿ ನಿಲ್ಸಪ್ಪ ಗಿರಿ."

ಅವಳ ಮನೆಯಲ್ಲಿ ರಾಗಿ ರಾಶಿಯಾದ ದಿನ ಕಣದಲ್ಲಿ ಬೂದಿಗೆರೆ ಎಳೆದು, ಗಂಡ ಮುನಿಕೃಷ್ಣಪ್ಪ ಕಾಯಿ ಒಡೆಯುತ್ತಿದ್ದ, ಇವಳು ಆರತಿ ಎತ್ತುತ್ತಿದ್ದಳು. ಆಮೇಲೆ ಇಬ್ಬರೂ ಬರಿಗಾಲಲ್ಲಿ ರಾಶಿಗೆ ಒಂದು ಸುತ್ತು ಬರುತ್ತಿದ್ದರು. ಅವನು ತೀರಿಕೊಂಡ ವರ್ಷ ಪೈರು ನಿಂತಿತ್ತು. ಕೊಯ್ದವಳು, ಬಡಿದವಳು, ತೂರಿದವಳು ಇವಳೇ. ತಟ್ಟೆ ಹಿಡಿದು ಬಂದಾಗ ಮೈದುನ ತಲೆ ಎತ್ತದೆ, "ಅತ್ತಿಗೆ, ನೀನು ಅಲ್ಲೇ ನಿಂತ್ಕೊ" ಅಂದ. ನಿಂತಳು. ಮುಂದಿನ ಸುಗ್ಗಿಯೊಳಗೆ ಹೊಲ ಲೇಔಟಿಗೆ ಹೋಯಿತು, ಕಣದಲ್ಲಿ ಸೈಟಿನ ಕಲ್ಲು ನೆಟ್ಟರು. ಆಮೇಲೆ ರಾಶಿ ಎಂಬುದೇ ಅವಳ ಕಣ್ಣಿಗೆ ಬೀಳಲಿಲ್ಲ.

ಗೇಟಿನಲ್ಲಿ ಕಿತ್ತಳೆ ಅಂಗಿಯ ಹೆಂಗಸೊಬ್ಬಳು ಲಾರಿಗಳನ್ನು ಒಳಬಿಡುತ್ತಿದ್ದಳು. ದೊಡ್ಡಮ್ಮನಿಗೆ ರಾಶಿಯ ಹತ್ತಿರ ಹೋಗಬೇಕಂತೆ ಎಂದು ನಾಗಲಕ್ಷ್ಮಿ ತಿಳಿಸಿದಳು. ಒಳ್ಳೆಯವಳು, ರಾಶಿಯ ಬುಡದವರೆಗೆ ತಾನೇ ಕರೆದೊಯ್ಯುತ್ತೇನೆ ಎಂದಳು. ಆದರೆ ಬೂಟು ಹಾಕಲೇಬೇಕು. ದಪ್ಪನೆಯ ಒಂದು ಜೊತೆ ತಂದು ಮುಂದಿಟ್ಟಳು. ಮುನಿಗಂಗಮ್ಮ ಆಗಲೇ ಚಪ್ಪಲಿ ಕಾರಿನಲ್ಲಿ ಬಿಟ್ಟಿದ್ದಳು.

"ರಾಶಿ ತಾವ್ಕೆ ಮೆಟ್ಟು ಆಕ್ಕಂಡ್ ಓಗಾದಾ? ನನ್ ಕೈಲಾಗಲ್ಲ."

ಬರಿಗಾಲಲ್ಲಿ ಬಿಟ್ಟರೆ ಆ ಹೆಂಗಸಿನ ಕೆಲಸಕ್ಕೇ ಕುತ್ತು. ಗಿರಿ ಕಾರಿನಿಂದ ತಲೆ ಹೊರಹಾಕಿದ. "ಹಾಕ್ಕೊಂಡ್ಬಿಡಿ ದೊಡ್ಡಮ್ಮ, ಇಲ್ಲಿ ಯಾರ್ ನೋಡ್ತಾರೆ. ಕತ್ತಲಾದ್ರೆ ಕೆರೆ ಬಣ್ಣ ಕಾಣಲ್ಲ."

"ನಾನ್ ನೋಡ್ತೀನಲ್ಲಪ್ಪ."

ಆಮೇಲೆ ಆಕೆ ಕೇಳಿದ್ದು ಒಂದೇ ಮಾತು, ರಾಶಿಯ ಸುತ್ತಲಿನ ಬೇಲಿಯ ಹೊರಗಿನ ನೆಲ ಯಾರದು ಎಂದು. ಅದು ರಸ್ತೆಯ ಜಾಗ, ಯಾರು ಬೇಕಾದರೂ ಓಡಾಡಬಹುದು ಎಂದು ಉತ್ತರ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ರಾಶಿಯನ್ನು ಬಲಕ್ಕಿಟ್ಟುಕೊಂಡು, ಗೇಟಿನ ಕಂಬದ ಬಳಿಯಿಂದ ತಂತಿಬೇಲಿಯ ಗುಂಟ ನಡೆಯತೊಡಗಿದಳು.

ನಾಗಲಕ್ಷ್ಮಿ ಛತ್ರಿ ಹಿಡಿದು ಹಿಂದೆ ಓಡಿದಳು. ನಾಲ್ಕು ಹೆಜ್ಜೆ ಹೋಗಿ ಕೈಮುಗಿದು ಬರುತ್ತಾಳೆ ಅಂದುಕೊಂಡಿದ್ದಳು. ಮೂಲೆ ಬಂತು, ಆಕೆ ತಿರುಗಿ ಮುಂದೆ ಹೋದಳು. ರಾಶಿಯೋ ಒಂದು ಬೀದಿಯಷ್ಟು ಉದ್ದ. ನೆಲ ಕಾದ ಹೆಂಚು. ಹುಲ್ಲಿನಲ್ಲಿ ಹಾವಿರುತ್ತವೆ ಎಂದರೂ ಕೇಳಲಿಲ್ಲ. ಹಿಂಬದಿಗೆ ಹೋಗುವಷ್ಟರಲ್ಲಿ ಹಿಮ್ಮಡಿಗೆ ಏನೋ ಚುಚ್ಚಿತು. ಕೂತು ಕಿತ್ತು ನೋಡಿದರೆ ನೆಗ್ಗಿಲು ಮುಳ್ಳು. ಊರಿನ ಹೊಲದಲ್ಲಿದ್ದ ಅದೇ ಹಳದಿ ಹೂವು, ಹಾಗೇ ನೆಲಕ್ಕೆ ಹಬ್ಬಿದ ಬಳ್ಳಿ. ಇದಕ್ಕೆ ಇಲ್ಲಿಗೆ ಬರಲು ಯಾರು ವೀಸಾ ಕೊಟ್ಟರು ಎನ್ನುತ್ತಾ ಎಸೆದು ಎದ್ದಳು. ಹಿಮ್ಮಡಿಯಲ್ಲಿ ರಕ್ತ.

ಇಷ್ಟು ಸಾಕು, ಇಲ್ಲಿಂದಲೇ ಕೈಮುಗಿ ಎಂದು ನಾಗಲಕ್ಷ್ಮಿ ಕೈ ಹಿಡಿದಳು.

"ಅರ್ಧಕ್ಕೆ ಬಿಟ್ರೆ ಇನ್ನೂ ಅಲ್ಲೇ ನಿಂತಂಗಾಯ್ತದೆ ಕಣಮ್ಮ."

ನಾಗಲಕ್ಷ್ಮಿ ಕೈ ಬಿಟ್ಟಳು. ಛತ್ರಿಯನ್ನು ಮಾತ್ರ ದೊಡ್ಡಮ್ಮನ ತಲೆಯ ಮೇಲಿಂದ ಸರಿಸಲಿಲ್ಲ.

ಕುಂಟುತ್ತಾ ಇಬ್ಬರೂ ಗೇಟಿನ ಹತ್ತಿರ ಬಂದಾಗ ಲಾರಿಗಳು ಸಾಲಾಗಿ ಒಳನುಗ್ಗುತ್ತಿದ್ದವು. ಸುತ್ತು ಮುಗಿಯಲು ಆ ದಾರಿಯೊಂದನ್ನೇ ದಾಟಬೇಕಿತ್ತು. ಕಿತ್ತಳೆ ಅಂಗಿಯ ಹೆಂಗಸು ನೋಡಿದಳು. ನಡುದಾರಿಗೆ ಬಂದು ಕೈ ಅಡ್ಡ ಚಾಚಿದಳು. ಲಾರಿಗಳು ನಿಂತವು. ಮುನಿಗಂಗಮ್ಮ ಅವಸರಪಡದೆ ದಾಟಿ, ಹೊರಟ ಕಂಬದ ಬಳಿ ಬಗ್ಗಿ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡಳು.

ಆಮೇಲೆ ಕಾರು ಹತ್ತಿ ಕಾಲು ಒರೆಸಿಕೊಳ್ಳುತ್ತಾ, "ನಡಿಯಪ್ಪ, ಈಗ ನಿನ್ ಕೆರೆ ತೋರ್ಸು" ಅಂದಳು.

ಹೊತ್ತು ಮುಳುಗಿತ್ತು. ಗಿರಿ ಕಾರಿನ ದೀಪ ಹಾಕಿ ಕೆರೆಯ ದಾರಿ ಹಿಡಿದ.